ಟ್ರಿನಿಡಾಡಿನಲ್ಲಿ ಮನೆ ಕೊಳ್ಳುವ ಮಾತು

ವೆಸ್ಟ್ ಇಂಡೀಸ್ ಎಂದೊಡನೆ ನಮ್ಮ ವಾಚನಾಲಯಕ್ಕೆ ಬರುವ ಮಿತ್ರರಲ್ಲಿ ಹೆಚ್ಚಿನವರಿಗೆ ಕ್ರಿಕೆಟ್ ತಂಡದ ನೆನಪಾಗುತ್ತದೆ. ಆದರೆ ಆ ಹೆಸರಿನ ದೇಶವೊಂದು ಭೂಪಟದಲ್ಲಿ ಎಲ್ಲಿಯೂ ಇಲ್ಲ. ಕೆರಿಬಿಯನ್ ಸಮುದ್ರದ ಸುತ್ತ ಚದುರಿರುವ ಹತ್ತಾರು ನಾಡುಗಳು ಆಟಕ್ಕೆ ಮಾತ್ರ ಒಂದಾಗುತ್ತವೆ. ಸರ್ಕಾರ, ಪಾಸ್‌ಪೋರ್ಟು, ಭೂಮಿಯ ಕಾಯಿದೆ ಎಲ್ಲವೂ ಒಂದೊಂದಕ್ಕೆ ಒಂದೊಂದು. ನಾಣ್ಯವೂ ಹಲವು ಬಗೆ. ಆದುದರಿಂದ ಯಾರಾದರೂ ‘ಕೆರಿಬಿಯನ್‌ನಲ್ಲಿ ಮನೆ ಕೊಡಿಸುತ್ತೇವೆ’ ಎಂದು ಬಂದರೆ, ಯಾವ ದೇಶದಲ್ಲಿ ಎಂಬುದನ್ನೇ ಮೊದಲು ಕೇಳತಕ್ಕದ್ದು. ಉತ್ತರ ತಡವರಿಸಿದರೆ ಮಾತನ್ನು ಅಲ್ಲಿಗೇ ನಿಲ್ಲಿಸಬಹುದು.

ಈ ಲೇಖನಕ್ಕೆ ನಾನು ಟ್ರಿನಿಡಾಡನ್ನು ಆರಿಸಿಕೊಂಡಿದ್ದೇನೆ. ಅಲ್ಲಿನ ಜನರಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಮಂದಿ ಭಾರತೀಯ ಮೂಲದವರು. ಮನೆ, ನೆಲ, ವಲಸೆ ಈ ಮೂರೂ ಅಲ್ಲಿ ಹೆಣೆದುಕೊಂಡಿರುವಂತೆ ಇನ್ನೆಲ್ಲಿಯೂ ಹೆಣೆದುಕೊಂಡಿರುವುದು ನನಗೆ ಕಾಣದು.

ದೇಶದ ಪೂರ್ಣ ಹೆಸರು ಟ್ರಿನಿಡಾಡ್ ಮತ್ತು ಟೊಬೇಗೊ. ಎರಡು ದ್ವೀಪ, ಒಂದು ಗಣರಾಜ್ಯ. ೧೯೬೨ರ ಆಗಸ್ಟ್ ೩೧ರಂದು ಬ್ರಿಟಿಷರಿಂದ ಸ್ವತಂತ್ರವಾಯಿತು. ರಾಜಧಾನಿ ಪೋರ್ಟ್ ಆಫ್ ಸ್ಪೇನ್. ದಕ್ಷಿಣ ಅಮೆರಿಕದ ವೆನೆಜುವೆಲಾ ದೇಶ ಅತಿ ಹತ್ತಿರದಲ್ಲಿ ಸುಮಾರು ೧೧ ಕಿಲೋಮೀಟರು ಮಾತ್ರ. ಆಡಳಿತದ ಭಾಷೆ ಇಂಗ್ಲಿಷ್. ಇಲ್ಲಿ ಬೆಳಿಗ್ಗೆ ಒಂಬತ್ತೂವರೆ ಆದಾಗ ಅಲ್ಲಿ ನಡುರಾತ್ರಿ. ಮನೆಗೆ ದೂರವಾಣಿ ಮಾಡುವವರು ಈ ಲೆಕ್ಕವನ್ನು ನೆನಪಿಡಬೇಕು.

ನಮ್ಮವರು ಅಲ್ಲಿಗೆ ಹೋದದ್ದು ಹೇಗೆ? ಗುಲಾಮಗಿರಿಯ ವ್ಯವಸ್ಥೆ ೧೮೩೮ರಲ್ಲಿ ಪೂರ್ತಿಯಾಗಿ ಮುಗಿದ ಮೇಲೆ ಕಬ್ಬಿನ ತೋಟಗಳಿಗೆ ಆಳುಗಳು ಬೇಕಾದರು. ೧೮೪೫ರ ಮೇ ೩೦ರಂದು ‘ಫತೇಲ್ ರಜಾಕ್’ ಎಂಬ ಹಡಗು ಕಲ್ಕತ್ತೆಯಿಂದ ಮೊದಲ ಕೂಲಿಕಾರರನ್ನು ಅಲ್ಲಿಗೆ ತಂದಿತು. ಅಂದಿನಿಂದ ೧೯೧೭ರವರೆಗೆ ಸುಮಾರು ೧ ಲಕ್ಷ ೪೪ ಸಾವಿರ ಜನ ಹೋದರು. ಹೆಚ್ಚಿನವರು ಇಂದಿನ ಉತ್ತರ ಪ್ರದೇಶ, ಬಿಹಾರಗಳ ಕಡೆಯವರು. ಮದ್ರಾಸಿನಿಂದ ಹೊರಟ ಹಡಗುಗಳಲ್ಲಿ ತಮಿಳರೂ ತೆಲುಗರೂ ಇದ್ದರು.

ಕರಾರು ಐದು ವರ್ಷದ್ದು. ಆದರೆ ಊರಿಗೆ ಹಿಂದಿರುಗುವ ಹಡಗಿನ ಖರ್ಚು ಸರ್ಕಾರದಿಂದ ಸಿಗಬೇಕಾದರೆ ಇನ್ನೂ ಐದು ವರ್ಷ ದ್ವೀಪದಲ್ಲಿಯೇ ಕಳೆದಿರಬೇಕಾಗಿತ್ತು. ಎಂದರೆ ಹತ್ತು ವರ್ಷ ದುಡಿದವನಿಗೆ ಒಂದು ಟಿಕೇಟು. ದಿನದ ಕೂಲಿ ಒಂದು ಶಿಲ್ಲಿಂಗು ಇದ್ದವನಿಗೆ ಆ ಟಿಕೇಟು ಎಷ್ಟು ದೊಡ್ಡ ಆಸ್ತಿಯೆಂಬುದನ್ನು ಪರಊರಿನಲ್ಲಿ ದುಡಿಯುವ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ವರ್ಷಕ್ಕೊಮ್ಮೆ ಜಾತ್ರೆಗೆ ಹೋಗಿಬರುವ ರೈಲಿನ ಖರ್ಚನ್ನು ತಿಂಗಳು ತಿಂಗಳು ಕೂಡಿಡುವವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ!

೧೮೬೯ರಲ್ಲಿ ಅಲ್ಲಿನ ಗವರ್ನರ್ ಆರ್ಥರ್ ಗಾರ್ಡನ್ ಒಂದು ಯೋಜನೆ ತಂದನು. ಹಿಂದಿರುಗುವ ಹಕ್ಕನ್ನು ಬಿಟ್ಟುಕೊಟ್ಟವನಿಗೆ ಸರ್ಕಾರಿ ಭೂಮಿ ೧೦ ಎಕರೆ. ನಮ್ಮ ಲೆಕ್ಕದಲ್ಲಿ ೪೦೦ ಗುಂಟೆ. ಮುಂದೆ ಇದನ್ನು ೫ ಎಕರೆ ಮತ್ತು ೫ ಪೌಂಡ್ ಹಣಕ್ಕೆ ಇಳಿಸಿದರು. ೧೮೮೦ರ ಸುಮಾರಿಗೆ ಯೋಜನೆಯೇ ನಿಂತಿತು. ಇದನ್ನು ಉದಾರತೆ ಎಂದು ಹೊಗಳುವವರುಂಟು. ನನಗಂತೂ ಹಾಗೆ ತೋರದು. ಹಡಗಿನ ಖರ್ಚು ಉಳಿಯಬೇಕು, ಪಳಗಿದ ಆಳು ತೋಟದ ಹತ್ತಿರದಲ್ಲಿಯೇ ಸಿಗಬೇಕು ಎಂಬ ಲೆಕ್ಕ ಅದರ ಹಿಂದೆ ಇತ್ತು. ಆದರೂ ಸ್ವಂತ ನೆಲದ ರುಚಿ ನೋಡಿದವರು ಬಿಡಲಿಲ್ಲ. ಯೋಜನೆ ಮುಗಿದ ಮೇಲೆಯೂ ಕೂಲಿಯಲ್ಲಿ ಉಳಿಸಿದ ಹಣದಿಂದ ಸರ್ಕಾರಿ ಭೂಮಿಯನ್ನು ಕೊಂಡು, ಕಾಡು ಕಡಿದು, ಬತ್ತ, ಕೋಕೋ, ಕಬ್ಬು ಬೆಳೆದರು. ಬರಾಕ್‌ಪುರ, ಫೈಜಾಬಾದ್, ಕಲ್ಕತ್ತಾ ಸೆಟ್ಲ್‌ಮೆಂಟ್, ಮದ್ರಾಸ್ ಸೆಟ್ಲ್‌ಮೆಂಟ್ ಎಂಬ ಊರುಗಳು ಇಂದಿಗೂ ಆ ದ್ವೀಪದಲ್ಲಿವೆ. ಹೋದವರಲ್ಲಿ ಬಹುಪಾಲು ಜನ ಹಿಂದಿರುಗಲೇ ಇಲ್ಲ.

ಎಲ್ಲರಿಗೂ ಭೂಮಿ ಸಿಕ್ಕಿತೆಂದಲ್ಲ. ಸಿಗದವರು ತೋಟದ ಧಣಿಯ ಅಥವಾ ಬೇರೆ ಒಡೆಯನ ನೆಲವನ್ನು ಬಾಡಿಗೆಗೆ ಹಿಡಿದು, ಅದರ ಮೇಲೆ ತಮ್ಮ ಖರ್ಚಿನಲ್ಲಿ ಮರದ ಮನೆ ಕಟ್ಟಿಕೊಂಡರು. ಮನೆ ತನ್ನದು, ನೆಲ ಪರರದು. ಹತ್ತಿರದ ಬಾರ್ಬಡೋಸ್ ದ್ವೀಪದಲ್ಲಂತೂ ಇಂತಹ ಮನೆಗಳನ್ನು ಕಲ್ಲುಗಳ ಮೇಲೆ ಕೂರಿಸಿ, ಧಣಿ ಎಬ್ಬಿಸಿದರೆ ಹಲಗೆ ಬಿಚ್ಚಿ ಬೇರೆ ಕಡೆಗೆ ಸಾಗಿಸಲು ಬರುವಂತೆಯೇ ಕಟ್ಟುತ್ತಿದ್ದರು. ಮುಂಬಯಿಯ ಚಾಳುಗಳಲ್ಲಿ ಪಗಡಿ ಕೊಟ್ಟು ಕೋಣೆ ಹಿಡಿದವರಿಗೆ ಈ ತೂಗುಯ್ಯಾಲೆ ಅಪರಿಚಿತವಲ್ಲ. ಅಲ್ಲಿಯೂ ಪೂರ್ತಿ ಒಡೆಯನೂ ಅಲ್ಲ, ಬರಿಯ ಬಾಡಿಗೆದಾರನೂ ಅಲ್ಲ.

ಟ್ರಿನಿಡಾಡಿನಲ್ಲಿಯೇ ಹುಟ್ಟಿದ ವಿ. ಎಸ್. ನೈಪಾಲರು ೧೯೬೧ರಲ್ಲಿ ಪ್ರಕಟಿಸಿದ ‘ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್’ ಕಾದಂಬರಿಯ ವಸ್ತುವೇ ಇದು. ಮಾವನ ಮನೆಯ ಹಂಗಿನಲ್ಲಿ ಬೇಯುವ ಬಿಸ್ವಾಸನು ಒಂದು ಸ್ವಂತ ಮನೆಗಾಗಿ ಬಾಳೆಲ್ಲ ಹೆಣಗುತ್ತಾನೆ. ಕೊನೆಗೆ ಒಂದನ್ನು ಅವಸರದಲ್ಲಿ ಕೊಳ್ಳುತ್ತಾನೆ. ಕೊಂಡ ಮೇಲೆ ನೋಡಿದರೆ ಹಿಂಬದಿಯ ಮೆಟ್ಟಿಲು ಒರಟು. ಮುಚ್ಚದ ಬಾಗಿಲುಗಳೂ ಉಂಟು. ಮಾರಿದವನು ವಕೀಲರೊಬ್ಬರ ಗುಮಾಸ್ತ! (ನಮ್ಮ ಜಾತಿಯವರೆಲ್ಲ ಹಾಗಲ್ಲವೆಂದು ವಾಚಕರು ದಯವಿಟ್ಟು ನಂಬಬೇಕು.) ಬಿಸ್ವಾಸನ ಸಾಲ ೩,೦೦೦ ಡಾಲರು, ಬಡ್ಡಿ ನೂರಕ್ಕೆ ೮, ಎಂದರೆ ತಿಂಗಳಿಗೆ ೨೦ ಡಾಲರು. ಅದರ ಮೇಲೆ ನೆಲಬಾಡಿಗೆ ತಿಂಗಳಿಗೆ ೧೦. ಕಾದಂಬರಿಯಲ್ಲಿ ಬಡ್ಡಿಯ ಲೆಕ್ಕ ಇಷ್ಟು ಸರಿಯಾಗಿ ಕೂಡಿಬಂದುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಸ್ವಂತ ಮನೆ ಕೊಂಡ ಮೇಲೆಯೂ ನೆಲಬಾಡಿಗೆ ತಪ್ಪಲಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು.

ಈ ಸಂಕಟಕ್ಕೆ ೧೯೮೧ರಲ್ಲಿ ಅಲ್ಲಿನ ಸರ್ಕಾರ ಒಂದು ಕಾಯಿದೆ ಮಾಡಿತು. ಆ ವರ್ಷದ ಜೂನ್ ೧ರಂದು ಬಾಡಿಗೆ ನೆಲದಲ್ಲಿ ಸ್ವಂತ ಮನೆ ಕಟ್ಟಿಕೊಂಡು ವಾಸವಾಗಿದ್ದವರಿಗೆ ೩೦ ವರ್ಷದ ಗುತ್ತಿಗೆ, ಅದು ಮುಗಿದರೆ ಇನ್ನೂ ೩೦ ವರ್ಷಕ್ಕೆ ನವೀಕರಿಸಿಕೊಳ್ಳುವ ಹಕ್ಕು, ಬೇಕೆಂದರೆ ಆ ನೆಲವನ್ನು ಪೇಟೆ ಬೆಲೆಯ ಅರ್ಧ ಮೀರದ ಬೆಲೆಗೆ ಕೊಳ್ಳುವ ಹಕ್ಕು ದೊರೆತವು. ಮೊದಲ ೩೦ ವರ್ಷ ೨೦೧೧ರಲ್ಲಿ ತೀರಿತು. ಆದ್ದರಿಂದ ಇಂದು ಅಲ್ಲಿ ಹಳೆಯ ಮನೆಯೊಂದು ಅಗ್ಗವಾಗಿ ಸಿಗುತ್ತದೆಂದರೆ ಮೂರು ಪ್ರಶ್ನೆ ಕೇಳಬೇಕು. ಬೆಲೆ ಮನೆಗೆ ಮಾತ್ರವೋ ನೆಲವೂ ಸೇರಿಯೋ? ನೆಲ ಗುತ್ತಿಗೆಯದಾದರೆ ಇನ್ನೆಷ್ಟು ವರ್ಷ ಉಳಿದಿದೆ? ನವೀಕರಣದ ಕಾಗದ ಎಲ್ಲಿದೆ?

ಈಗ ಹೊರದೇಶದವರು ಕೊಳ್ಳುವ ವಿಚಾರ. ೧೯೯೦ರ ವಿದೇಶಿ ಬಂಡವಾಳ ಕಾಯಿದೆಯ ಪ್ರಕಾರ ಪರದೇಶದವನು ಟ್ರಿನಿಡಾಡಿನಲ್ಲಿ ವಾಸಕ್ಕಾಗಿ ೧ ಎಕರೆಯವರೆಗೆ, ವ್ಯಾಪಾರಕ್ಕಾಗಿ ೫ ಎಕರೆಯವರೆಗೆ, ಲೈಸೆನ್ಸ್ ಇಲ್ಲದೆ ಕೊಳ್ಳಬಹುದು. ಮೀರಿದರೆ ಲೈಸೆನ್ಸ್ ಬೇಕು. ಬೆಲೆಯನ್ನು ಅಂತರರಾಷ್ಟ್ರೀಯವಾಗಿ ನಡೆಯುವ ನಾಣ್ಯದಲ್ಲಿ, ಅಧಿಕೃತ ಬ್ಯಾಂಕಿನ ಮೂಲಕವೇ ಸಲ್ಲಿಸಬೇಕು. ಕೈಯಿಂದ ಕೈಗೆ ಕೊಡುವಂತಿಲ್ಲ. ಟೊಬೇಗೊದ ಮಾತು ಬೇರೆ. ಆ ಚಿಕ್ಕ ದ್ವೀಪದ ಕಡಲತೀರವೆಲ್ಲ ಹೊರಗಿನವರ ಪಾಲಾಗುವುದೆಂಬ ಭಯದಿಂದ ೨೦೦೭ರಲ್ಲಿ ಅಲ್ಲಿ ಎಷ್ಟೇ ಚಿಕ್ಕ ತುಂಡಿಗೂ ಲೈಸೆನ್ಸ್ ಕಡ್ಡಾಯ ಮಾಡಿದರು. ಗ್ರೆನಡಾ, ಸೇಂಟ್ ಲೂಸಿಯಾ ಮುಂತಾದ ದ್ವೀಪಗಳಲ್ಲಿಯೂ ಪರದೇಶದವರಿಗೆ ಲೈಸೆನ್ಸ್ ಉಂಟು, ಅದಕ್ಕೆ ಶುಲ್ಕವೂ ಉಂಟು. ಬಾರ್ಬಡೋಸಿನಲ್ಲಿ ಕೊಳ್ಳಲು ಅಡ್ಡಿಯಿಲ್ಲ. ಆದರೆ ತಂದ ಹಣವನ್ನು ಅಲ್ಲಿನ ಕೇಂದ್ರ ಬ್ಯಾಂಕಿನಲ್ಲಿ ದಾಖಲಿಸದಿದ್ದರೆ ಮುಂದೆ ಮನೆ ಮಾರಿದ ಹಣವನ್ನು ಹೊರಗೆ ಒಯ್ಯುವುದು ಕಷ್ಟ.

ಕೊಳ್ಳುವ ಕ್ರಮ ನಮ್ಮದನ್ನೇ ಹೋಲುತ್ತದೆ. ಮೊದಲು ಕರಾರುಪತ್ರ, ಸಾಮಾನ್ಯವಾಗಿ ನೂರಕ್ಕೆ ಹತ್ತು ಮುಂಗಡ, ಆಮೇಲೆ ಸುಮಾರು ೯೦ ದಿನದೊಳಗೆ ಉಳಿದ ಹಣ ಕೊಟ್ಟು ಪತ್ರ. ಆ ನಡುವೆ ಕೊಳ್ಳುವವನ ವಕೀಲನು ಹಕ್ಕಿನ ಶೋಧ ಮಾಡುತ್ತಾನೆ. ಅಲ್ಲಿ ಎರಡು ಬಗೆಯ ಹಕ್ಕುಪತ್ರಗಳು ಜೊತೆಜೊತೆಯಾಗಿ ನಡೆದುಬಂದಿವೆ. ಒಂದು, ನಮ್ಮಲ್ಲಿಯಂತೆ ಹಿಂದಿನ ಕ್ರಯಪತ್ರಗಳ ಸರಪಳಿ. ಒಂದು ಕೊಂಡಿ ಕಳಚಿದ್ದರೂ ತೊಂದರೆ. ಇನ್ನೊಂದು, ಸರ್ಕಾರವೇ ದಾಖಲಿಸಿ ಕೊಟ್ಟ ಹಕ್ಕಿನ ಪ್ರಮಾಣಪತ್ರ. ಅಜ್ಜನ ಕಾಲದಿಂದ ಪಾಲುಪತ್ರವಿಲ್ಲದೆ ಅನುಭವಿಸಿಕೊಂಡು ಬಂದ ಕುಟುಂಬದ ನೆಲ ಅಲ್ಲಿಯೂ ಬೇಕಾದಷ್ಟಿದೆ. ಅಂತಹದರಲ್ಲಿ ಒಬ್ಬ ಅಣ್ಣ ಮಾರಿದರೆ ಉಳಿದ ತಮ್ಮಂದಿರು ಬಂದು ಬಾಗಿಲು ತಟ್ಟುವುದೂ ಉಂಟು. ಮಾರುವವನ ವಕೀಲನನ್ನೇ ತನ್ನ ವಕೀಲನನ್ನಾಗಿ ಮಾಡಿಕೊಳ್ಳುವುದು ಅಗ್ಗವಾಗಿ ಕಾಣಬಹುದು. ಹಾಗೆ ಮಾಡಬಾರದು. ಸ್ಟಾಂಪ್ ಸುಂಕ ಕೊಳ್ಳುವವನ ಮೇಲೆ. ಬೆಲೆ ಏರಿದಂತೆ ದರವೂ ಏರುತ್ತದೆ.

ಡಾಲರೆಂಬ ಒಂದು ಪದದಲ್ಲಿ ಎಷ್ಟು ಮೋಸಕ್ಕೆ ಜಾಗವಿದೆಯೆಂಬುದನ್ನು ಹೇಳಬೇಕು. ಅಮೆರಿಕದ ಒಂದು ಡಾಲರಿಗೆ ಟ್ರಿನಿಡಾಡಿನ ಡಾಲರು ಸುಮಾರು ೬.೮. ಬಾರ್ಬಡೋಸಿನದು ಸರಿಯಾಗಿ ೨. ಗ್ರೆನಡಾ, ಡೊಮಿನಿಕಾ, ಸೇಂಟ್ ಲೂಸಿಯಾ ಮುಂತಾದುವು ಒಟ್ಟಾಗಿ ಬಳಸುವ ಪೂರ್ವ ಕೆರಿಬಿಯನ್ ಡಾಲರು ೨.೭೦. ಹತ್ತು ಲಕ್ಷ ಡಾಲರಿನ ಮನೆ ಎಂದರೆ ಟ್ರಿನಿಡಾಡಿನಲ್ಲಿ ಅಮೆರಿಕದ ೧ ಲಕ್ಷ ೪೭ ಸಾವಿರ. ಬಾರ್ಬಡೋಸಿನಲ್ಲಿ ೫ ಲಕ್ಷ. ಕಾಗದದಲ್ಲಿ ನಾಣ್ಯದ ಹೆಸರಿಲ್ಲದ ಬೆಲೆಗೆ ರುಜು ಹಾಕಬಾರದು. ಅಲ್ಲಿ ದುಡಿದು ಊರಿಗೆ ಕಳಿಸುವವರಿಗೆ ಇನ್ನೊಂದು ಮಾತು: ಟ್ರಿನಿಡಾಡಿನಲ್ಲಿ ಹಲವು ವರ್ಷಗಳಿಂದ ವಿದೇಶಿ ನಾಣ್ಯದ ಅಭಾವವಿದೆ. ಸಂಬಳ ಅಲ್ಲಿನ ಡಾಲರಿನಲ್ಲಿ ಕೈಗೆ ಬಂದರೂ ಅದನ್ನು ಅಮೆರಿಕದ ಡಾಲರಾಗಿ ಬದಲಿಸಲು ಬ್ಯಾಂಕಿನಲ್ಲಿ ಕಾಯಬೇಕಾಗಬಹುದು.

ಭಾರತದಿಂದ ಹಣ ಒಯ್ಯುವುದಾದರೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಒಬ್ಬನು ಒಂದು ಆರ್ಥಿಕ ವರ್ಷದಲ್ಲಿ ಅಮೆರಿಕದ ೨.೫ ಲಕ್ಷ ಡಾಲರಿನವರೆಗೆ ಹೊರಗೆ ಕಳಿಸಬಹುದು. ಮನೆ ಕೊಳ್ಳುವುದೂ ಅದರಲ್ಲಿ ಸೇರಿದೆ. ಆದರೆ ಅದಕ್ಕಾಗಿ ಇಲ್ಲಿನ ಬ್ಯಾಂಕು ಸಾಲ ಕೊಡುವಂತಿಲ್ಲ. ಕೈಯಲ್ಲಿದ್ದ ಹಣವೇ ಆಗಬೇಕು. ನಮ್ಮಂಥವರ ಮಟ್ಟಿಗೆ ಇಷ್ಟರಲ್ಲೇ ಬಹಳ ಪ್ರಶ್ನೆಗಳು ತೀರಿಹೋಗುತ್ತವೆ. ಅಲ್ಲಿ ಹೋಗಿ, ಕೆಲವು ವರ್ಷ ದುಡಿದು, ಅಲ್ಲಿನ ಸಂಪಾದನೆಯಲ್ಲಿ ಕೊಳ್ಳುವುದೇ ಉಳಿದ ದಾರಿ.

ಹೋಗಿ ದುಡಿಯಲು ಬೇಕಾದುದು ಕೆಲಸದ ಪರವಾನಗಿ. ಹನ್ನೆರಡು ತಿಂಗಳಲ್ಲಿ ಒಮ್ಮೆ, ೩೦ ದಿನದವರೆಗಿನ ಕೆಲಸಕ್ಕೆ ಮಾತ್ರ ಅದರ ಅಗತ್ಯವಿಲ್ಲ. ಮನೆ ಕೊಂಡ ಮಾತ್ರಕ್ಕೆ ಟ್ರಿನಿಡಾಡಿನಲ್ಲಿ ಇರುವ ಹಕ್ಕಾಗಲಿ ದುಡಿಯುವ ಹಕ್ಕಾಗಲಿ ಬರುವುದಿಲ್ಲ. ಇದು ಎಷ್ಟು ಮಂದಿಗೆ ತಿಳಿಯದು! ‘ಮನೆ ಕೊಳ್ಳಿ, ಪಾಸ್‌ಪೋರ್ಟು ಪಡೆಯಿರಿ’ ಎಂಬ ಜಾಹೀರಾತು ಬೇರೆ ಐದು ದ್ವೀಪದೇಶಗಳ ಮಾತು: ಸೇಂಟ್ ಕಿಟ್ಸ್ ಮತ್ತು ನೆವಿಸ್, ಡೊಮಿನಿಕಾ, ಆಂಟಿಗುವಾ ಮತ್ತು ಬಾರ್ಬುಡಾ, ಗ್ರೆನಡಾ, ಸೇಂಟ್ ಲೂಸಿಯಾ. ಸೇಂಟ್ ಕಿಟ್ಸ್ ೧೯೮೪ರಿಂದಲೂ ಇದನ್ನು ನಡೆಸಿದೆ. ಇವುಗಳಲ್ಲಿ ನಾಲ್ಕು ದೇಶಗಳು ೨೦೨೪ರಲ್ಲಿ ಒಪ್ಪಂದ ಮಾಡಿಕೊಂಡು ಕನಿಷ್ಠ ಮೊತ್ತವನ್ನು ಅಮೆರಿಕದ ೨ ಲಕ್ಷ ಡಾಲರಿಗೆ ನಿಲ್ಲಿಸಿದವು. ಮನೆಯೂ ಸರ್ಕಾರ ಒಪ್ಪಿದ ಯೋಜನೆಯೊಳಗಿನದೇ ಆಗಬೇಕು, ಕೆಲವು ವರ್ಷ ಮಾರುವಂತಿಲ್ಲ. ಎರಡು ಮೂರು ಲಕ್ಷ ರೂಪಾಯಿಗೆ ಇದೆಲ್ಲವನ್ನೂ ಮಾಡಿಕೊಡುತ್ತೇನೆನ್ನುವ ದಲ್ಲಾಳಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕೆಲಸದ ಕಾಗದ ನಿಜವೋ ಸುಳ್ಳೋ ಎಂಬ ಸಂಶಯ ಬಂದರೆ ಪೋರ್ಟ್ ಆಫ್ ಸ್ಪೇನ್‌ನಲ್ಲಿರುವ ಭಾರತದ ಹೈ ಕಮಿಷನ್ ಕಚೇರಿಗೆ ಬರೆದು ಕೇಳಬಹುದು. ಹಣ ಕೊಡುವುದಕ್ಕೆ ಮುಂಚೆ.

ಭಾರತದ ಪ್ರಜೆ ತಾನಾಗಿ ಬೇರೆ ದೇಶದ ಪೌರತ್ವ ಪಡೆದರೆ ೧೯೫೫ರ ಪೌರತ್ವ ಕಾಯಿದೆಯಂತೆ ಇಲ್ಲಿನ ಪೌರತ್ವ ಹೋಗುತ್ತದೆ. ಎರಡನ್ನೂ ಇಟ್ಟುಕೊಳ್ಳುವ ಹಾಗಿಲ್ಲ. ಪೌರತ್ವ ಬಿಡದೆ ಹೊರಗೆ ನೆಲೆಸಿದವನೂ ಒಂದು ನಿರ್ಬಂಧಕ್ಕೆ ಒಳಪಡುತ್ತಾನೆ: ಅನಿವಾಸಿಯಾದವನು ಭಾರತದಲ್ಲಿ ಪೇಟೆಯ ಮನೆ ಕೊಳ್ಳಬಹುದು, ಕೃಷಿಭೂಮಿಯನ್ನು ಕ್ರಯಕ್ಕೆ ಕೊಳ್ಳುವಂತಿಲ್ಲ. ಮೊದಲಿಂದ ಇದ್ದ ಹೊಲ ಇರುತ್ತದೆ, ಪಿತ್ರಾರ್ಜಿತವಾಗಿ ಬಂದದ್ದೂ ಬರುತ್ತದೆ. ಆದರೆ ಕಡಲಾಚೆ ದುಡಿದು ಬಂದು ಊರಿನಲ್ಲಿ ಪಕ್ಕದ ನಾಲ್ಕು ಎಕರೆ ಸೇರಿಸಿಕೊಳ್ಳುತ್ತೇನೆ ಎಂದುಕೊಂಡವರು ಈ ಸಂಗತಿಯನ್ನು ಹಡಗು ಹತ್ತುವ ಮುಂಚೆ, ಈಗಿನ ಮಾತಿನಲ್ಲಿ ವಿಮಾನ ಹತ್ತುವ ಮುಂಚೆ, ತಿಳಿದಿರಬೇಕು. ಗಾರ್ಡನನ ಹತ್ತು ಎಕರೆಯ ಹಿಂದೆ ಇದ್ದಂತೆಯೇ ಇಲ್ಲಿಯೂ ಒಂದನ್ನು ಬಿಟ್ಟರೆ ಇನ್ನೊಂದು.

ಹವೆಯ ಮಾತು ಉಳಿಯಿತು. ಕೆರಿಬಿಯನ್ನಿನ ಚಂಡಮಾರುತಗಳು ಹೆಸರಾದುವು. ೨೦೦೪ರ ‘ಐವನ್’ ಗ್ರೆನಡಾದ ಹತ್ತರಲ್ಲಿ ಒಂಬತ್ತು ಮನೆಗಳಿಗೆ ಹಾನಿ ಮಾಡಿತು. ೨೦೨೪ರ ಜುಲೈ ೧ರಂದು ‘ಬೆರಿಲ್’ ಅದೇ ದೇಶದ ಕ್ಯಾರಿಯಾಕೂ ದ್ವೀಪವನ್ನು ಬಡಿಯಿತು. ಟ್ರಿನಿಡಾಡು ತೀರ ದಕ್ಷಿಣದಲ್ಲಿರುವುದರಿಂದ ಇವುಗಳ ದಾರಿಯಿಂದ ಬಹುಮಟ್ಟಿಗೆ ಹೊರಗುಳಿಯುತ್ತದೆ. ಭೂಕಂಪದ ಭಯವುಂಟು, ೨೦೧೮ರ ಆಗಸ್ಟ್ ೨೧ರಂದು ಬಲವಾದದ್ದೇ ಸಂಭವಿಸಿತು. ಅದಕ್ಕಿಂತ ನಿತ್ಯದ ತೊಂದರೆ ನೆರೆ. ಭಾರತೀಯ ಮೂಲದವರು ಹೆಚ್ಚಾಗಿ ನೆಲೆಸಿರುವ ಕರೋನಿ ಬಯಲು ತಗ್ಗು ನೆಲ. ಮಳೆಗಾಲ ಜೂನ್‌ನಿಂದ ಡಿಸೆಂಬರಿನವರೆಗೆ. ಆದುದರಿಂದ ಮನೆಯನ್ನು ಒಣ ತಿಂಗಳಲ್ಲಿ ನೋಡಿ ಮುಂಗಡ ಕೊಡದೆ, ಆ ಕೇರಿಯಲ್ಲಿಯೇ ಒಂದು ಮಳೆಗಾಲ ಬಾಡಿಗೆಗಿದ್ದು, ಹೋದ ಸಲ ನೀರು ಗೋಡೆಯ ಮೇಲೆ ಎಲ್ಲಿಯವರೆಗೆ ಏರಿತ್ತೆಂಬುದನ್ನು ಮಾರುವವನನ್ನಲ್ಲ, ನೆರೆಮನೆಯವರನ್ನು ಕೇಳಬೇಕು.