ಬರ–ನೆರೆಯ ಪ್ರಶ್ನಾವಳಿ: ನಿಮ್ಮ ಉತ್ತರಕ್ಕೆ ಬೆಲೆಯುಂಟು



ಕೈಯಲ್ಲಿ ಪ್ರಶ್ನಾವಳಿ ಹಿಡಿದ ಸಂದರ್ಶಕರು ಕೆಲವೊಮ್ಮೆ ನಿಮ್ಮ ಜಗಲಿಗೆ ಬರುವುದುಂಟು. "ಕಳೆದ ಹತ್ತು ವರ್ಷಗಳಲ್ಲಿ ಎಷ್ಟು ಸಲ ಬರ ಬಂತು?" ಎಂದು ಕೇಳುತ್ತಾರೆ. "ಮಳೆಯ ಲೆಕ್ಕ ಸರ್ಕಾರದ ಬಳಿಯೇ ಇದೆಯಲ್ಲ, ನಮ್ಮನ್ನೇಕೆ ಕೇಳುತ್ತೀರಿ?" ಎಂದು ನಿಮಗೆ ಅನ್ನಿಸಬಹುದು. ಈ ಪ್ರಶ್ನೆ ನ್ಯಾಯವಾದದ್ದೇ.

ಮಳೆಮಾಪಕವು ಎಷ್ಟು ಮಿ.ಮೀ. ಮಳೆ ಬಿತ್ತೆಂದು ಹೇಳುತ್ತದೆ. ಆ ಮಳೆಯನ್ನು ನಂಬಿ ನೀವು ಯಾವಾಗ ಬಿತ್ತಿದಿರಿ, ಯಾವ ತಳಿ ಹಾಕಿದಿರಿ, ವಿಮೆ ಕಟ್ಟಿದಿರೋ ಬಿಟ್ಟಿರೋ ಎಂಬುದನ್ನು ಅದು ಹೇಳಲಾರದು. ಅದನ್ನು ನೀವೇ ಹೇಳಬೇಕು.

ನೆನಪು ಮತ್ತು ದಾಖಲೆ

ಅಮೆರಿಕದ ಬಯಲುಸೀಮೆಯಲ್ಲಿ ಥಾಮಸ್ ಸಾರಿನೆನ್ ಎಂಬ ಭೂಗೋಳಶಾಸ್ತ್ರಜ್ಞರು 96 ಗೋಧಿ ಬೆಳೆಗಾರರನ್ನು ಹೀಗೆಯೇ ಪ್ರಶ್ನಿಸಿ, 1966ರಲ್ಲಿ ಫಲಿತಾಂಶ ಪ್ರಕಟಿಸಿದರು. ಬರ ಎಷ್ಟು ಸಲ ಬರುತ್ತದೆಂಬುದನ್ನು ಬೆಳೆಗಾರರು ಸಾಮಾನ್ಯವಾಗಿ ಕಡಿಮೆಯಾಗಿಯೇ ಅಂದಾಜು ಮಾಡಿದ್ದರು. ಹೆಚ್ಚು ಒಣ ಪ್ರದೇಶದ ಅನುಭವಿಗಳ ಅಂದಾಜು ಮಾತ್ರ ದಾಖಲೆಗೆ ಹತ್ತಿರವಿತ್ತು.

ನಮ್ಮಲ್ಲಿಯೂ "ಹೋದ ವರ್ಷ ಚೆನ್ನಾಗಿ ಸುರಿದಿದೆ, ಈ ವರ್ಷವೂ ಮೋಸವಿಲ್ಲ" ಎಂಬ ಮಾತು ಕೇಳಿಬರುತ್ತದೆ. 2022ರಲ್ಲಿ ರಾಜ್ಯದಲ್ಲಿ ಭಾರಿ ಮಳೆಯಾಯಿತು. ಮರುವರ್ಷವೇ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿಸಲ್ಪಟ್ಟವು.

ಒಂದೇ ಪ್ರಶ್ನೆ, ಹಲವು ಅರ್ಥ

ಮಿರ್ಲೆ ಹೋಬಳಿಯನ್ನೇ ನೋಡಿ. ಗದ್ದೆಯ ರೈತನಿಗೆ ಬರವೆಂದರೆ ನಾಲೆಗೆ ನೀರು ಬಾರದ ವರ್ಷ. ಹೊಲದ ರಾಗಿಯವನಿಗೆ ಬರವೆಂದರೆ ತೆನೆ ಕಟ್ಟುವಾಗ ಕೈಕೊಟ್ಟ ಮಳೆ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿಗೆ ನೀರು ನಿಂತರೂ ಕೇಡು. ಹೆಗ್ಗಡದೇವನಕೋಟೆಯ ಕಬಿನಿ ದಂಡೆಯವರು 2019ರ ಆಗಸ್ಟ್ ನೆರೆಯನ್ನು ಮರೆತಿಲ್ಲ. ಆದ್ದರಿಂದ "ಬರ ಬಂತೇ?" ಎಂದಷ್ಟೇ ಕೇಳಿದರೆ ಬರುವ ಉತ್ತರಗಳನ್ನು ಕೂಡಿಸಲಾಗದು. ಯಾವ ಬೆಳೆ, ಯಾವ ತಿಂಗಳು, ಎಷ್ಟು ನಷ್ಟ ಎಂದು ಕೇಳಬೇಕು. ಇದು ಕೇಳುವವರ ಜವಾಬ್ದಾರಿ.

ನೀವು ಮಾಡಬೇಕಾದುದು

1. ಪ್ರಶ್ನೆ ಅರ್ಥವಾಗದಿದ್ದರೆ ಮತ್ತೆ ಕೇಳಿ ತಿಳಿಯಿರಿ. ಅಂದಾಜಿನ ಉತ್ತರವಾದರೆ ಅಂದಾಜೆಂದೇ ಹೇಳಿ.

2. ಪರಿಹಾರ ಸಿಕ್ಕೀತೆಂದು ನಷ್ಟವನ್ನು ಹೆಚ್ಚಿಸಿಯೂ, ಸಂಕೋಚದಿಂದ ತಗ್ಗಿಸಿಯೂ ಹೇಳಬೇಡಿ. ತಪ್ಪು ಉತ್ತರದಿಂದ ತಪ್ಪು ಶಿಫಾರಸು ಹುಟ್ಟುತ್ತದೆ; ಅದರ ನಷ್ಟ ನಿಮ್ಮ ಹೊಲಕ್ಕೇ.

3. ಬಯಲಿನಲ್ಲಿ ಒಂದು ಮಳೆಮಾಪಕ ನೆಟ್ಟು, ದಿನವೂ ಬೆಳಿಗ್ಗೆ ಅಳತೆ ಬರೆದಿಡಿ. ಒಂದು ಮಿ.ಮೀ. ಮಳೆಯೆಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು.

4. ಬಿತ್ತಿದ ದಿನ, ತಳಿ, ಇಳುವರಿಯನ್ನೂ ಅದೇ ಪುಸ್ತಕದಲ್ಲಿ ಬರೆಯಿರಿ.

ಐದಾರು ವರ್ಷ ಹೀಗೆ ಬರೆದರೆ ಮುಂಗಾರು ಎಷ್ಟು ಸಲ ತಡವಾಯಿತೆಂದು ನಿಮಗೇ ಗೊತ್ತಾಗುತ್ತದೆ. ತಡವಾದ ವರ್ಷ ದೀರ್ಘಾವಧಿ ರಾಗಿಯನ್ನು ಬಿಟ್ಟು ಜಿ.ಪಿ.ಯು.-28, ಇನ್ನೂ ತಡವಾದರೆ ಅಲ್ಪಾವಧಿಯ ಜಿ.ಪಿ.ಯು.-48 ಹಾಕುವ ನಿರ್ಧಾರಕ್ಕೆ ಆ ಪುಸ್ತಕವೇ ಆಧಾರ.

ಮುಂದಿನ ಸಲ ಸಂದರ್ಶಕರು ಬಂದಾಗ ಆ ಪುಸ್ತಕವನ್ನು ಮುಂದಿಡಿ. ನಿಮ್ಮ ಅನುಭವ ಲೆಕ್ಕಕ್ಕೆ ಬರಲಿ.