ನಿಮಗಿದು ಗೊತ್ತೆ? ಅಂಗಾಲಿಗೆ ಚುಚ್ಚುವ ನೆಗ್ಗಿಲು, ಡಬ್ಬಿಯಲ್ಲಿ ‘ಶಕ್ತಿಮದ್ದು’!

ಬೈರಕೂರು, ಮುಳಬಾಗಿಲು ಸೀಮೆಯ ಬೆದ್ದಲು ಹೊಲಗಳಲ್ಲಿ ಅಂಗಾಲಿಗೆ ಚುಚ್ಚುವ ನೆಗ್ಗಿಲು ಮುಳ್ಳೇ ಔಷಧಿ ಅಂಗಡಿಯ ‘ಗೋಕ್ಷುರ’. 1980ರ ದಶಕದಲ್ಲಿ ಬಲ್ಗೇರಿಯಾದ ಮಾತ್ರೆಯಾಗಿ ಹೆಸರು ಮಾಡಿತು. ಟೆಸ್ಟೋಸ್ಟೆರಾನ್ ಏರಿಸುತ್ತದೆಂಬ ಪ್ರಚಾರವೇನೋ ಜೋರು. ಆರೋಗ್ಯವಂತ ಗಂಡಸರ ಮೇಲೆ ನಡೆದ ಹೆಚ್ಚಿನ ಪರೀಕ್ಷೆಗಳು ಅದನ್ನು ಒಪ್ಪಿಲ್ಲ.

ಅಶ್ವಗಂಧ, ಅಂದರೆ ನಮ್ಮ ಹಿರೇಮದ್ದಿನ ಗಿಡದ ಬೇರು, ತುಸು ವಾಸಿ. ಒತ್ತಡ ತಗ್ಗಿಸಿ ಲೈಂಗಿಕ ಆಸಕ್ತಿ ಮರಳಿಸಬಹುದೆಂದು ಕೆಲವು ಸಣ್ಣ ಪರೀಕ್ಷೆಗಳು ಹೇಳುತ್ತವೆ. ಅಪರೂಪಕ್ಕೆ ಪಿತ್ತಜನಕಾಂಗಕ್ಕೆ ಪೆಟ್ಟು ಬಿದ್ದದ್ದೂ ಉಂಟು. ಡೆನ್ಮಾರ್ಕ್ 2023ರಲ್ಲಿ ಇದನ್ನು ನಿಷೇಧಿಸಿತು. ಶಕ್ತಿಮದ್ದಿಗೆ ಬಳಸುವ ಇನ್ನೊಂದು ಗಿಡ, ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿ. ಅದರ ಬೀಜದಲ್ಲಿರುವುದು ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಎಲ್-ಡೋಪಾ. ಅಳತೆಯಿಲ್ಲದೆ ನುಂಗುವ ವಸ್ತುವಲ್ಲ.

ಬೇರಿಗಿಂತ ಬೆರಕೆಯೇ ದೊಡ್ಡ ಅಪಾಯ. ‘ಪೂರ್ತಿ ಗಿಡಮೂಲಿಕೆ’ ಎಂದು ಮಾರುವ ಮಾತ್ರೆಗಳಲ್ಲಿ ವಯಾಗ್ರಾದ ಸಿಲ್ಡೆನಾಫಿಲ್ ಅನ್ನು ಅಮೆರಿಕದ ಔಷಧ ಇಲಾಖೆ ಮತ್ತೆ ಮತ್ತೆ ಪತ್ತೆಹಚ್ಚಿದೆ. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ರಕ್ತದೊತ್ತಡ ಕುಸಿಸಿ ಜೀವಕ್ಕೇ ಕುತ್ತು ತಂದೀತು.

ಇನ್ನೊಂದು ವಿಷಯ: ಲೈಂಗಿಕ ಶಕ್ತಿ ಹೆಚ್ಚಿಸುವ ಮದ್ದಿನ ಜಾಹೀರಾತೇ ನಮ್ಮ ದೇಶದ 1954ರ ಕಾಯ್ದೆಯ ಪ್ರಕಾರ ಅಪರಾಧ. ಬಸ್ ನಿಲ್ದಾಣದ ಗೋಡೆಗಳಿಗೆ ಇದಿನ್ನೂ ತಿಳಿದಂತಿಲ್ಲ!