ಒಂದೇ ಸಭೆ, ಹಲವು ಸರ್ವರ್

ಪ್ರಶ್ನೆ: ಬೆಂಗಳೂರಿನಿಂದ ನಡೆಯುವ ವಿಡಿಯೊ ಕಾನ್ಫರೆನ್ಸ್‌ಗೆ ರಾಜ್ಯದ ತಾಲ್ಲೂಕುಗಳೆಲ್ಲ ಒಟ್ಟಿಗೆ ಸೇರಿದರೂ ಸರ್ವರ್ ಹೇಗೆ ತಾಳಿಕೊಳ್ಳುತ್ತದೆ? – ಓದುಗರು, ಮುದಗಲ್

ಉತ್ತರ: ಇಂಥ ದೊಡ್ಡ ವ್ಯವಸ್ಥೆಗಳಲ್ಲಿ ಹೊರೆಯನ್ನು ಒಂದೇ ಸರ್ವರ್ ಮೇಲೆ ಹಾಕದೆ ಸರ್ವರ್‌ಗಳ ಗುಂಪಿಗೆ, ಅಂದರೆ ಕ್ಲಸ್ಟರ್‌ಗೆ ಹಂಚಲಾಗುತ್ತದೆ. ಕರ್ನಾಟಕದಲ್ಲಿ ಸರ್ಕಾರಿ ಕಚೇರಿಗಳನ್ನು ಬೆಸೆಯುವ ಜಾಲ ಕೆಸ್ವಾನ್. ಅದು ರಾಜಧಾನಿಯನ್ನು ಜಿಲ್ಲಾ ಕೇಂದ್ರಗಳಿಗೂ ಲಿಂಗಸುಗೂರಿನಂಥ ತಾಲ್ಲೂಕು ಕೇಂದ್ರಗಳಿಗೂ ಜೋಡಿಸುತ್ತದೆ.

ಕ್ಲಸ್ಟರ್‌ನಲ್ಲಿ ನಿಯಂತ್ರಣ ಸರ್ವರ್ ಸಭೆಗೆ ಯಾರು ಬಂದರು, ಯಾರು ಹೋದರು ಎಂಬ ಲೆಕ್ಕ ಇಡುತ್ತದೆ. ಮೀಡಿಯಾ ಸರ್ವರ್‌ಗಳು ದೃಶ್ಯ, ಧ್ವನಿ ರವಾನಿಸುತ್ತವೆ. ಹೊರೆಯೆಲ್ಲ ಇವುಗಳದೇ. 20 ಜನರ ಸಭೆಯಲ್ಲಿ ಪ್ರತಿಯೊಬ್ಬರಿಗೂ ಉಳಿದ 19 ಜನರ ದೃಶ್ಯ ತಲುಪಬೇಕಾದರೆ 380 ಪ್ರತಿಗಳು ಹೊರಡಬೇಕು. ಎರಡು ಸರ್ವರ್‌ಗಳಿಗೆ ತಲಾ 10 ಜನರನ್ನು ಹಂಚಿದರೆ, ಒಂದೊಂದೂ ತನ್ನವರಿಗೆ 190 ಪ್ರತಿ ಕಳಿಸಿ, ಇನ್ನೊಂದು ಸರ್ವರ್‌ಗೆ 10 ಪ್ರತಿ ಕೊಟ್ಟರೆ ಸಾಕು.

ಹೊಸ ಸಭೆ ಶುರುವಾದಾಗ ಲೋಡ್ ಬ್ಯಾಲೆನ್ಸರ್ ಅದನ್ನು ಹೊರೆ ಕಡಿಮೆ ಇರುವ ಸರ್ವರ್‌ಗೆ ಒಪ್ಪಿಸುತ್ತದೆ. ಪ್ರತಿ ಸರ್ವರ್ ಕೆಲವು ಸೆಕೆಂಡಿಗೊಮ್ಮೆ ‘ಚಾಲೂ ಇದ್ದೇನೆ’ ಎಂಬ ಸಂಕೇತ ಕಳಿಸುತ್ತಿರುತ್ತದೆ. ಸಂಕೇತ ನಿಂತರೆ ಅದರ ಸಭೆಗಳು ಬೇರೆಡೆ ಮರುಜೋಡಣೆಯಾಗುತ್ತವೆ. ಪರದೆ ಕ್ಷಣಕಾಲ ಸ್ತಬ್ಧವಾಗುವುದುಂಟು. ಇದಕ್ಕಾಗಿ ಮೊದಲೇ ಜಾಗ ಕಾದಿರಿಸಬೇಕು: ನಾಲ್ಕು ಸರ್ವರ್‌ಗಳಿದ್ದರೆ ಯಾವುದರ ಹೊರೆಯೂ ಶೇ 75 ದಾಟಬಾರದು. ಆಗ ಒಂದು ಕೈಕೊಟ್ಟರೂ ಮೂರು ನಿಭಾಯಿಸುತ್ತವೆ.

ದುರಸ್ತಿಗೆ ತೆಗೆಯುವ ಸರ್ವರ್‌ಗೆ ಹೊಸ ಸಭೆ ಕೊಡದೆ, ನಡೆಯುತ್ತಿರುವವು ಮುಗಿದ ಮೇಲೆ ಬಿಡಿಸಿಕೊಳ್ಳುತ್ತಾರೆ. ಸಾಫ್ಟ್‌ವೇರನ್ನೂ ಹೀಗೆಯೇ ಒಂದೊಂದಾಗಿ ನವೀಕರಿಸುತ್ತಾರೆ.